ತಂತಿಗೊಂದು ಉಂಗುರ

ಸಣ್ಣ ಸರ್ಕ್ಯೂಟ್‌ಗಳನ್ನು ಕಟ್ಟುವುದೆಂದರೆ ನನಗೆ ಪ್ರಾಣ. ಅವುಗಳಲ್ಲೂ ಅಚ್ಚುಮೆಚ್ಚಿನದು, ತಂತಿಯಲ್ಲಿ ಕರೆಂಟ್ ಹರಿಯುತ್ತಿದೆಯೇ ಎಂದು ದೀಪ ಹೊತ್ತಿಸಿ ಹೇಳುವ ಪುಟಾಣಿ.

ಅದರ ಬೆಲೆ ತಿಳಿಯುವುದು ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಂಥ ಊರಲ್ಲಿ. ತುಂಗಭದ್ರೆಯ ದಂಡೆ, ಭತ್ತದ ಗದ್ದೆ, ನೀರೆತ್ತುವ ತ್ರೀ ಫೇಸ್ ಮೋಟರು. ಓಡುವಾಗ ಒಂದು ಫೇಸ್ ಹೋದರೂ ಮೋಟರು ಕೂಡಲೇ ನಿಲ್ಲುವುದಿಲ್ಲ. ಉಳಿದೆರಡು ಫೇಸಿನಿಂದ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಮೋಟರು ಹೀಗೆ ಓಡುತ್ತಿರುವಾಗ ಟೆಸ್ಟರ್ ಇಟ್ಟರೆ ಮೂರೂ ಕಡೆ ಹೊತ್ತಬಹುದು. ಏಕೆಂದರೆ ತಿರುಗುವ ಮೋಟರೇ ಸತ್ತ ಫೇಸಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಆ ತಂತಿಯಲ್ಲಿ ಕರೆಂಟ್ ಮಾತ್ರ ಇರುವುದಿಲ್ಲ. ಕೇಳಬೇಕಾದದ್ದು ಕರೆಂಟನ್ನೇ.

ಕೇಳುವ ಬಗೆ ಎಷ್ಟು ಚೆಂದ! ತಂತಿ ಕತ್ತರಿಸಬೇಕಿಲ್ಲ, ಮೇಲಿನ ಇನ್ಸುಲೇಷನ್ ಸುಲಿಯಬೇಕಿಲ್ಲ. ಮೇನ್ ಆಫ್ ಮಾಡಿ, ಒಂದೊಂದು ಫೇಸಿಗೂ ಒಂದೊಂದು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಕಾಯಿಲ್ ಉಂಗುರದಂತೆ ತೊಡಿಸಿದರಾಯಿತು. 1831ರಲ್ಲಿ ಮೈಕಲ್ ಫ್ಯಾರಡೆ ಕಬ್ಬಿಣದ ಬಳೆಗೆ ಸುರುಳಿಗಳನ್ನು ಸುತ್ತಿ ಕಂಡುಕೊಂಡ ಸತ್ಯವೇ ಇಲ್ಲಿಯದು. 5 ಎಚ್‌ಪಿ ಮೋಟರಿನ ಸುಮಾರು 7 ಆಂಪಿಯರ್, 1000 ಸುತ್ತಿನ ಕಾಯಿಲಿನಲ್ಲಿ 7 ಮಿಲಿಆಂಪಿಯರ್ ಆಗುತ್ತದೆ. ಅದನ್ನು 100 ಓಮ್ ರೆಸಿಸ್ಟರಿಗೆ ಹಾಯಿಸಿದರೆ 0.7 ವೋಲ್ಟ್. ಮುಂದೆ ಒಂದು ಶಾಟ್ಕಿ ಡಯೋಡು, ಕೆಪಾಸಿಟರು. ಅದರ ಚಾರ್ಜ್ ಮೆಲ್ಲಗೆ ಇಳಿಸಲು ಇನ್ನೊಂದು ರೆಸಿಸ್ಟರು. ಹೋಲಿಸಿ ತೀರ್ಪು ಕೊಡಲು ಎಲ್‌ಎಂ393 ಐ.ಸಿ.; ಕೊನೆಗೆ ಎಲ್‌ಇಡಿ.

ಕಾಯಿಲಿನ ಕಾಲುಗಳಿಗೆ ಆ 100 ಓಮನ್ನು ನಾನು ಮೊದಲೇ ಬೆಸುಗೆ ಹಾಕಿಬಿಡುತ್ತೇನೆ. ಕರೆಂಟ್ ಹರಿಯುವಾಗ ಕಾಯಿಲ್ ಬಾಯಿ ತೆರೆದಿದ್ದರೆ ಅಪಾಯದ ವೋಲ್ಟೇಜ್ ಏಳಬಹುದು.

ಈ ಉಂಗುರದೊಡನೆ ಆಟವೂ ಉಂಟು. ಒಂದೇ ತಂತಿಯನ್ನು ಎರಡು ಸಲ ತೂರಿಸಿದರೆ ಅಳತೆ ಇಮ್ಮಡಿ. ಮೂರು ಫೇಸನ್ನೂ ಒಟ್ಟಿಗೆ ತೂರಿಸಿದರೆ, ಮೋಟರು ಭೋರೆಂದು ಓಡುತ್ತಿದ್ದರೂ ದೀಪ ಹೊತ್ತದು! ಮೂರರ ಮೊತ್ತ ಕ್ಷಣಕ್ಷಣವೂ ಸೊನ್ನೆ. ಪುಸ್ತಕದ ಲೆಕ್ಕ ಹೀಗೆ ಕಣ್ಣೆದುರು ನಿಜವಾಗುವುದನ್ನು ಎಷ್ಟು ಸಲ ಕಂಡರೂ ನನಗೆ ತಣಿವಿಲ್ಲ.

ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಮೂರು ಎಲ್‌ಇಡಿ ಸಾಲಾಗಿರಲಿ. ಓದು ಬಾರದವರಿಗೂ ಅದು ತಿಳಿಯುತ್ತದೆ: ಮೂರೂ ಹೊತ್ತಿದ್ದರೆ ಗದ್ದೆಗೆ ನಡೆಯಬಹುದು, ಒಂದು ಆರಿದರೆ ಮೋಟರು ನಿಲ್ಲಿಸಬೇಕು. ಬೆಳೆಗೆ ನೀರು ಬೇಕಾದ ದಿನಗಳಲ್ಲಿ ಒಂದು ಮೋಟರನ್ನು ಉಳಿಸುವುದಕ್ಕಿಂತ ಹೆಚ್ಚಿನ ಕೆಲಸವನ್ನು ಇಷ್ಟು ಸಣ್ಣ ಸರ್ಕ್ಯೂಟಿನಿಂದ ನಾನು ಬಯಸುವುದಿಲ್ಲ.