ಗೀರು

ಕಾರು ಕೊಳ್ಳುವುದು ಕಷ್ಟವಲ್ಲ ಸ್ವಾಮಿ. ಸಂಬಳದ ಚೀಟಿ ಇದ್ದರೆ ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸಿ ಸಾಲ ಕೊಡುತ್ತಾರೆ. ಕಷ್ಟವಿರುವುದು ಕೊಂಡ ಕಾರನ್ನು ರಾತ್ರಿ ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ. ನಮ್ಮಂಥವರಿಗಂತೂ ಅದು ಬರೀ ಜಾಗದ ಪ್ರಶ್ನೆಯಲ್ಲ.

ನಮ್ಮೂರು ಮಂಡ್ಯ ಜಿಲ್ಲೆಯ ನಾಲೆ ಬಯಲಿನದು. ಹೆಸರು ಬೇಡ, ಯಾವ ಊರಿನ ಹೆಸರು ಹಾಕಿಕೊಂಡರೂ ನಡೆಯುತ್ತದೆ. ಊರೊಳಗಿನ ಬೀದಿಗಳಲ್ಲಿ ಎರಡು ಎತ್ತಿನಗಾಡಿ ಎದುರುಬದುರು ಬಂದರೂ ಚಕ್ರ ತಾಕದೆ ಹಾಯುತ್ತವೆ. ನಮ್ಮ ಕೇರಿಯಲ್ಲಿ ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒರಗಬೇಕು. ಅಳೆದವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಗಾಡಿ ಇದ್ದವನಿಗೆ ಗಾಡಿಯಷ್ಟು ಅಗಲ, ಆ ಗಾಡಿಗೆ ಗೊಬ್ಬರ ಹೊತ್ತು ತುಂಬುವವನಿಗೆ ಮಂಕರಿಯಷ್ಟು ಅಗಲ. ಈ ಕೇರಿಯವನಿಗೂ ಒಂದು ದಿನ ನಾಲ್ಕು ಚಕ್ರ ಬಂದೀತು ಎಂದು ಯಾರ ಕನಸಿನಲ್ಲೂ ಇರಲಿಲ್ಲ. ನಮ್ಮಪ್ಪನ ಕನಸಿನಲ್ಲೂ ಇರಲಿಲ್ಲ.

ಹಾಗಾಗಿ 2018ರ ಯುಗಾದಿಗೆ ನನ್ನ ಸೆಕೆಂಡ್ ಹ್ಯಾಂಡ್ ಆಲ್ಟೋ ಊರಿಗೆ ಹೋದಾಗ ಕೇರಿಯೊಳಗೆ ಬರಲಿಲ್ಲ. ಊರಬಾಗಿಲ ಅರಳಿಕಟ್ಟೆಯ ಪಕ್ಕ ನಿಲ್ಲಿಸಿದೆ. ಪಂಚಾಯ್ತಿ ಜಾಗ, ಸರ್ಕಾರದ ಡಾಂಬರು, ಬೇರೆ ಎರಡು ಕಾರೂ ಅಲ್ಲೇ ಇದ್ದವು. ಅವ್ವನಿಗೆ ಸಮಾಧಾನವಿಲ್ಲ. “ಅಲ್ಯಾಕ್ ನಿಲ್ಸಿದ್ಯೋ ಮಗ, ಗದ್ದೆ ಬದಿಗಾದ್ರೂ ಮಡಗ್ಬಾರ್ದಾ?” ಅಂದಳು. “ಯಾಕವ್ವ, ರಸ್ತೆ ಎಲ್ರುದೂ ತಾನೆ?” ಅಂದೆ. ಅವಳು ಮಾತಾಡಲಿಲ್ಲ, ಒಲೆಗೆ ಸೌದೆ ದೂಡಿದಳು.

ಬೆಳಿಗ್ಗೆ ಹೋಗಿ ನೋಡಿದರೆ ಎಡಗಡೆ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಗೀರು. ಮಕ್ಕಳಾಟದ ಗೆರೆಯಾದರೆ ಏರುತ್ತದೆ, ಇಳಿಯುತ್ತದೆ, ನಡುವೆ ಬಿಟ್ಟುಹೋಗುತ್ತದೆ. ಇದು ನಿಧಾನವಾಗಿ ನಡೆದುಕೊಂಡು, ಕೈ ಎತ್ತದೆ ಎಳೆದದ್ದು. ಉಕ್ಕೆ ಸಾಲಿನ ಹಾಗೆ ನೆಟ್ಟಗಿತ್ತು. ಪಕ್ಕದ ಎರಡು ಕಾರಿಗೆ ಒಂದು ಚುಕ್ಕೆಯೂ ಇಲ್ಲ.

ಯಾರು ಎಂದು ಇವತ್ತಿಗೂ ಗೊತ್ತಿಲ್ಲ, ಗೊತ್ತಿಲ್ಲದೆ ಹೆಸರು ಹೇಳುವ ಚಾಳಿ ನನಗಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಕಾರು ತಗೊಂಡ್ ಮ್ಯಾಕೆ ಇವೆಲ್ಲ ಇದ್ದದ್ದೇ ಕಣಯ್ಯ” ಅಂದು ಬೀಡಿ ಹಚ್ಚಿದರು. ಕಾರು ತಗೊಂಡ ಮೇಲೆ! ಪಕ್ಕದ ಎರಡನ್ನು ಯಾರೂ ತಗೊಂಡಿರಲಿಲ್ಲವೇನೋ, ಅವು ನೆಲ ಸೀಳಿಕೊಂಡು ಹುಟ್ಟಿಬಂದಿದ್ದವೇನೋ.

ಗಾಡಿಯನ್ನು ಬಿಟ್ಟು ಗಾಡಿಯೊಳಗೆ ಕೂತವನು ಯಾರೆಂದು ನೋಡುವ ಕಣ್ಣು ಹೊಸದಲ್ಲ. 1929ರಲ್ಲಿ ಬಾಬಾಸಾಹೇಬರು ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗ, ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಅವರನ್ನು ನಡೆಸಿಕೊಂಡು ಹೋಗಲು ಕೇರಿಯವರಿಗೆ ಮನಸ್ಸಿಲ್ಲ. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ತಂದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ದಾರಿಯಲ್ಲಿ ಅಪಘಾತವಾಗಿ ಬಾಬಾಸಾಹೇಬರ ಕಾಲಿನ ಮೂಳೆ ಮುರಿಯಿತು. ಅವರೇ ಇದನ್ನು ಬರೆದಿಟ್ಟಿದ್ದಾರೆ. ಅಲ್ಲಿ ಹೋದದ್ದು ಮೂಳೆ, ಇಲ್ಲಿ ಹೋದದ್ದು ಬಣ್ಣ. ಹೋಲಿಸಲು ಹೇಳಲಿಲ್ಲ, ನೆನಪಾಯಿತು, ಹೇಳಿದೆ.

ಬಣ್ಣದ ವಿಷಯವನ್ನು ನನಗೆ ಬಿಡಿಸಿ ಹೇಳಿದ್ದು ಮೈಸೂರಿನ ಒಬ್ಬ ಪೇಂಟಿಂಗ್ ಮೇಸ್ತ್ರಿ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಒಂದು ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಹೊಳೆಯುವ ಕ್ಲಿಯರ್ ಕೋಟು. ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನು, ಅಂದರೆ ಎರಡು ತಲೆಗೂದಲು ಒತ್ತಿಟ್ಟಷ್ಟು ದಪ್ಪ. ನನಗೆ ನಗು ಬಂತು. ವರ್ಣ ಅಂದರೂ ಬಣ್ಣವೇ ತಾನೆ? ಇಲ್ಲಿಯೂ ನಾಲ್ಕು. ಐದನೆಯದು ಒಳಗಿನ ತಗಡು, ಪಂಚಮ. ಭಾರ ಹೊರುವುದೆಲ್ಲ ಅದೇ, ಯಾರಿಗೂ ಕಾಣಿಸಬಾರದ್ದೂ ಅದೇ.

ಮೇಸ್ತ್ರಿ ಗೀರಿನ ಮೇಲೆ ಅಡ್ಡಕ್ಕೆ ಉಗುರು ಆಡಿಸಿದ. ಉಗುರು ಜಾರಿದರೆ ಗೀರು ಕ್ಲಿಯರ್ ಕೋಟಿನಲ್ಲೇ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಆಳಕ್ಕೆ ಇಳಿದಿದೆ, ಯಾವ ಪಾಲಿಶ್ಶಿಗೂ ಬಗ್ಗುವುದಿಲ್ಲ. ಬರೀ ತಗಡು ಕಂಡರೆ ತಡಮಾಡಬಾರದು, ಒಂದು ಮಳೆಗಾಲ ಸಾಕು, ತುಕ್ಕು ಬಣ್ಣದ ಅಡಿಯಲ್ಲೇ ಹರಿದಾಡುತ್ತದೆ. ನನ್ನದರಲ್ಲಿ ಉಗುರು ಸಿಕ್ಕಿಕೊಂಡಿತು. “ಇದು ಬೀಗದಕೈ ಅಲ್ಲ ಸಾರ್, ಮೊಳೆ. ಬೇಕಂತಲೇ ಒತ್ತಿದಾನೆ” ಅಂದ. ಬಾಗಿಲೊಂದಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಹೇಳಿದ.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದ್ದರೆ ಒಂದು ಬಿಡಿಕಾಸೂ ಬರುವುದಿಲ್ಲ, ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ನಮ್ಮ ಗಾಡಿಯ ನಷ್ಟವೂ ಸೇರಿದ ಪಾಲಿಸಿಯಾದರೆ ಕಿಡಿಗೇಡಿಗಳ ಕೆಲಸಕ್ಕೂ ಹಣ ಸಿಗುತ್ತದೆ. ಆದರೆ ಒಮ್ಮೆ ಕೇಳಿದರೆ ನೋ ಕ್ಲೇಮ್ ಬೋನಸ್ ಹೋಯಿತು. ಕ್ಲೇಮಿಲ್ಲದ ಮೊದಲ ವರ್ಷಕ್ಕೆ ನೂರಕ್ಕೆ 20, ಐದು ವರ್ಷಕ್ಕೆ ನೂರಕ್ಕೆ 50ರವರೆಗೆ ಬೆಳೆಯುವ ರಿಯಾಯಿತಿ ಅದು. ಜೊತೆಗೆ ಒಂದಿಷ್ಟು ಹಣ ಪ್ರತಿ ಸಲವೂ ನಮ್ಮ ಕೈಯಿಂದಲೇ. ಸಣ್ಣ ಗೀರಿಗೆ ಕ್ಲೇಮು ಮಾಡುವುದು ನೊಣ ಹೊಡೆಯಲು ಮೂಗು ಕುಯ್ದುಕೊಂಡ ಹಾಗೆ. ನಾನು ಕೇಳಲಿಲ್ಲ.

ಪೊಲೀಸ್ ಠಾಣೆಗೂ ಹೋದೆ. ಆಗ ಇದ್ದದ್ದು 1860ರ ದಂಡ ಸಂಹಿತೆ. ಅದರ 427ನೇ ಕಲಮಿನ ಪ್ರಕಾರ 50 ರೂಪಾಯಿಯೋ ಅದಕ್ಕೆ ಮೇಲೋ ನಷ್ಟ ಮಾಡಿದವನಿಗೆ ಎರಡು ವರ್ಷದವರೆಗೆ ಸಜೆ. ಕೇಳಲಿಕ್ಕೆ ಜೋರಾಗಿದೆ, ಆದರೆ ಅಪರಾಧ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ, “ಇದ್ನೂ ಜಾತಿ ಕೇಸ್ ಮಾಡ್ತೀರೇನ್ರಿ?” ಅಂದರು. ನಾನು ಜಾತಿ ಹೇಳಿರಲಿಲ್ಲ. ವಿಳಾಸ ಹೇಳಿದ್ದೆ, ಅಷ್ಟೇ ಸಾಕಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಮು 324. ಈಗ ಎರಡು ವರ್ಷದ ಸಜೆಯ ಮಾತು ಬರಬೇಕಾದರೆ ನಷ್ಟ 20,000 ರೂಪಾಯಿ ಮುಟ್ಟಬೇಕು, ಅದಕ್ಕಿಂತ ಕಡಿಮೆಯಾದರೆ ಆರು ತಿಂಗಳವರೆಗೆ ಅಥವಾ ದಂಡ. ದೊಡ್ಡ ಕಾರಿನ ಗೀರಿಗೆ ದೊಡ್ಡ ಸಜೆ, ಆಲ್ಟೋ ಗೀರಿಗೆ ಸಣ್ಣ ಸಜೆ. ಕಾಸಿಗೆ ತಕ್ಕ ಕಜ್ಜಾಯ.

ಆಮೇಲೆ ಬುದ್ಧಿ ಹೇಳುವವರ ಸಾಲು ಶುರುವಾಯಿತು. ಕವರು ಹೊದಿಸು ಅಂದರು. ಹೊದಿಸಿದೆ. ನಮ್ಮ ದೂಳಿನಲ್ಲಿ ಕಾರು ತೊಳೆಯದೆ ಕವರು ಎಳೆದರೆ ಅದೇ ಉಪ್ಪುಕಾಗದದಂತೆ ಉಜ್ಜಿ ಮೈತುಂಬ ಸಣ್ಣ ಗೀರು ಮಾಡುತ್ತದೆ. ಮೊಳೆ ಹಿಡಿದು ಬಂದವನಿಗೆ ಬಟ್ಟೆ ಎತ್ತುವುದು ಯಾವ ಮಹಾ ಕೆಲಸ? ಸೆರಾಮಿಕ್ ಕೋಟಿಂಗ್ ಹಾಕಿಸು ಅಂದರು. ಅದು ನೀರು, ಕೊಳೆ ಜಾರಿಸುವ ತೆಳುವಾದ ಲೇಪ, ಮೊಳೆಯನ್ನು ತಡೆಯುವುದಿಲ್ಲ. ತಡೆಯುವುದು ಸ್ವಲ್ಪಮಟ್ಟಿಗೆ ಪಾಲಿಯುರಿಥೇನ್ ಫಿಲ್ಮು, ಅದು ಬಣ್ಣದಷ್ಟೇ ದಪ್ಪ ಇರುತ್ತದೆ. ಇಡೀ ಕಾರಿಗೆ ಅಂಟಿಸುವ ರೇಟು ಕೇಳಿ ನನ್ನ ಆಲ್ಟೋ ನಾಚಿಕೊಂಡಿತು.

ಕ್ಯಾಮೆರಾ ಹಾಕಿಸಿದೆ, ಅದು ಸ್ವಲ್ಪ ಕೆಲಸದ್ದು. ನಿಂತ ಕಾರಿನಲ್ಲಿ ಅದು ಇಡೀ ರಾತ್ರಿ ಎದ್ದಿರಬೇಕಾದರೆ ಫ್ಯೂಸ್ ಪೆಟ್ಟಿಗೆಯಿಂದ ವೈರು ಎಳೆಯಬೇಕು, ಬ್ಯಾಟರಿ ಇಳಿಯುತ್ತಿದ್ದಂತೆ ತಾನೇ ಆರುವ ಕಿಟ್ಟು ಹಾಕಿಸಬೇಕು. ಇಲ್ಲದಿದ್ದರೆ ಗೀರಿದವನ ಮುಖ ಸಿಕ್ಕರೂ ಬೆಳಿಗ್ಗೆ ಗಾಡಿ ತಳ್ಳಬೇಕು. ಇನ್ನೊಂದು: ಇಂಥ ಕ್ಯಾಮೆರಾ ನೋಡುವುದು ಮುಂದಕ್ಕೆ, ಹೆಚ್ಚೆಂದರೆ ಹಿಂದಕ್ಕೂ. ಗೀರುವವನು ಬರುವುದು ಪಕ್ಕಕ್ಕೆ. ಅಲುಗಾಟಕ್ಕೆ ಎಚ್ಚರವಾಗುವ ಜಾತಿಯದಾದರೆ ಮೊಳೆಯ ಮೆಲ್ಲನೆಯ ಗೆರೆಗೆ ಎಚ್ಚರವೇ ಆಗದೆ ಇರಬಹುದು. ಅದಕ್ಕಿಂತ ಎಡಬದಿಯನ್ನು ಗೋಡೆಗೆ ಒತ್ತಿ, ಬಲಬದಿ ಬೀದಿದೀಪಕ್ಕೆ ಕಾಣುವ ಹಾಗೆ ನಿಲ್ಲಿಸುವುದು ಮೇಲು. ದುಡ್ಡೂ ಬೇಕಿಲ್ಲ.

ಇದು ಊರಿನ ಕತೆಯಾಯಿತು. ಮೈಸೂರಿನಲ್ಲಿ ನಾನು ಬಾಡಿಗೆಗಿರುವ ಬಡಾವಣೆಯಲ್ಲಿ ಇನ್ನೊಂದು ಥರ. ರಸ್ತೆ ಸರ್ಕಾರದ್ದು, ಆದರೆ ಮನೆ ಮುಂದಿನ ರಸ್ತೆ ಮನೆಯವರದು! ಹೂಕುಂಡ, ಕಲ್ಲು, ಮುರುಕು ಕುರ್ಚಿ ಇಟ್ಟು ಹಿಡಿದಿರುತ್ತಾರೆ. ಅಲ್ಲಿ ನಿಲ್ಲಿಸಿದರೆ ಟೈರಿನ ಗಾಳಿ ಹೋಗುತ್ತದೆ, ವೈಪರು ಮುರಿಯುತ್ತದೆ. ಎರಡು ವರ್ಷದ ಕೆಳಗೆ ಬೀದಿಯವರೊಬ್ಬರ ಹೊಸ ಕಾರಿಗೆ ಗೀರು ಬಿತ್ತು. ಸಂಜೆಯೊಳಗೆ ತೀರ್ಪೂ ಆಯಿತು: ಹಿಂದಿನ ಕಾಲೊನಿ ಹುಡುಗರದೇ ಕೆಲಸ. ಆ ಕಾಲೊನಿಯ ಒಬ್ಬ ಹುಡುಗ ಬೆಳಗಿನ ಜಾವ ಐದಕ್ಕೆ ಬಕೆಟ್ಟು ಹಿಡಿದು ಬಂದು ಬೀದಿಯ ಒಂಬತ್ತು ಕಾರು ತೊಳೆದು ಕಾಲೇಜಿಗೆ ಹೋಗುತ್ತಿದ್ದ. ಮರುದಿನ ಅವನಿಗೆ ಒಂಬತ್ತೂ ಹೋದವು, ಹತ್ತನೆಯದು ನನ್ನ ಆಲ್ಟೋ ಉಳಿಯಿತು. “ನಾನ್ ಮುಟ್ಟೋದು ಬಟ್ಟೇಲಿ ಸಾರ್, ಅವ್ರ್ ಕಾರಿಗೆ ಒಂದ್ ಗೀರ್ ಬಿದ್ರೂ ನನ್ಗೇ ಮೊದ್ಲು ಗೊತ್ತಾಗದು” ಅಂದ. ಅವನ ಕಣ್ಣಲ್ಲಿ ನೀರಿರಲಿಲ್ಲ, ಬರೀ ಲೆಕ್ಕವಿತ್ತು. ತಿಂಗಳ ಫೀಸು ಎಲ್ಲಿಂದ ಎಂಬ ಲೆಕ್ಕ.

ನಾಲ್ಕನೇ ಮನೆಯ ಕ್ಯಾಮೆರಾ ನೋಡಿ ಅಂತ ನಾನೇ ಹಟ ಹಿಡಿದೆ. ಹತ್ತು ದಿನ ಕಳೆದಿದ್ದರೆ ಅದರ ಮೇಲೆ ಹೊಸದು ಅಚ್ಚಾಗಿ ಹಳೆಯದು ಅಳಿಸಿಹೋಗುತ್ತಿತ್ತು. ಸಿಕ್ಕಿದ್ದು ವಾಕಿಂಗ್ ಕೋಲು ಹಿಡಿದ, ಬೀದಿಯದೇ ಒಬ್ಬ ಯಜಮಾನರು. ತಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದ ಸಿಟ್ಟು. ಗೇಟಿಗೆ ಅಡ್ಡ ನಿಲ್ಲಿಸಿದ್ದೂ ತಪ್ಪೇ, ಅದಕ್ಕೆ ಟ್ರಾಫಿಕ್ಕಿನವರಿದ್ದಾರೆ. ಯಜಮಾನರ ವಿಷಯ ಕಾಫಿ ಕುಡಿದು ಬಗೆಹರಿಯಿತು. ಠಾಣೆ ಇಲ್ಲ, ಕಲಮು ಇಲ್ಲ. ಹುಡುಗನನ್ನು ಕರೆದು ಮಾತಾಡಿದವರು ಇಬ್ಬರು, ಉಳಿದ ಏಳು ಮನೆಯವರು ಬೇರೆ ಹುಡುಗನನ್ನು ಗೊತ್ತುಮಾಡಿಕೊಂಡಿದ್ದರು.

ಊರಲ್ಲಿ ಕೇರಿಯವನ ಕಾರಾದರೆ ಗೀರುತ್ತಾರೆ. ಪೇಟೆಯಲ್ಲಿ ಯಾರ ಕಾರು ಗೀರಿದರೂ ಕೇರಿಯ ಕಡೆ ಬೆರಳು ತೋರಿಸುತ್ತಾರೆ. ಇದಕ್ಕೆ ಹೊದಿಸುವ ಕವರು ಯಾವ ಅಂಗಡಿಯಲ್ಲಿದೆಯೋ ಕಾಣೆ.

ನಮ್ಮ ಕೇರಿ ಹುಡುಗರು ಮಾತ್ರ ಬೇರೆ ದಾರಿ ಹಿಡಿದರು. ಕೇರಿಯ ಹಿಂದೆ ಸ್ಕೂಲ್ ಕಾಂಪೌಂಡಿನ ಪಕ್ಕ ತಿಪ್ಪೆ ಹಾಕುತ್ತಿದ್ದ ಸರ್ಕಾರಿ ಜಾಗವನ್ನು ಎತ್ತಿ ಸ್ವಚ್ಛಮಾಡಿ, ಗ್ರಾಮಸಭೆಯಲ್ಲಿ ಎರಡು ಸಲ ಗಲಾಟೆ ಮಾಡಿ, ಜಲ್ಲಿ ಹಾಕಿಸಿದರು. “ಇವರ್ಗ್ಯಾಕಪ್ಪ ಗಾಡಿ ನಿಲ್ಸಕೆ ಜಾಗ” ಅಂದವರೂ ಇದ್ದರು. ಈಗ ಅಲ್ಲಿ ದಿನಾ ಎರಡು ಆಟೋ, ಒಂದು ಟಾಟಾ ಏಸ್ ನಿಲ್ಲುತ್ತವೆ. ಚಿಕ್ಕಪ್ಪ ಸೆಖೆಗಾಲದಲ್ಲಿ ಮಂಚ ತಂದು ಅಲ್ಲೇ ಮಲಗುತ್ತಾನೆ, ರೇಡಿಯೋ ಕೇಳಲು ನನ್ನ ಕಾರಿನ ಕೀ ಕೇಳುತ್ತಾನೆ. ಕಳೆದ ಹಬ್ಬಕ್ಕೆ ಬೆಂಗಳೂರಿನಿಂದ ಬಂದವರವೂ ಸೇರಿ ಏಳು ಗಾಡಿ ನಿಂತಿದ್ದವು. ಇರುವ ಒಂದು ಬಲ್ಬಿನ ಬೆಳಕು ಕೊನೆಯ ಎರಡಕ್ಕೆ ಮುಟ್ಟುವುದಿಲ್ಲ. ಇನ್ನೊಂದು ಕಂಬಕ್ಕೆ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾರೆ, ಅದರಲ್ಲಿ ನನ್ನದೂ ಒಂದು ಸಹಿ, ಅವ್ವನದೊಂದು ಹೆಬ್ಬೆಟ್ಟು.