ಮಿಶನ್ ಶಾಲೆಯ ಜಮಾಖರ್ಚು

ಕಿಟ್ಟೆಲ್ಲರ ಕನ್ನಡ ನಿಘಂಟನ್ನು ಹೊಗಳುವಾಗ ಅವರು ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದರೆಂಬುದನ್ನು ನಾವು ಮೆಲ್ಲನೆ ಮರೆಯುತ್ತೇವೆ. ಮತಾಂತರವನ್ನು ಬೈಯುವಾಗ ನಿಘಂಟನ್ನು ಮರೆಯುತ್ತೇವೆ. ಎರಡೂ ಅನುಕೂಲದ ಮರೆವು. ಬಾಸೆಲ್ ಮಿಶನ್ನಿನವರು ನಮ್ಮ ಕರಾವಳಿಯಲ್ಲೂ ಧಾರವಾಡದ ಕಡೆಯಲ್ಲೂ ಶಾಲೆ ತೆರೆದದ್ದು ಕ್ರಿಸ್ತನ ಸುವಾರ್ತೆ ಸಾರುವುದಕ್ಕೇ ಹೊರತು ಕನ್ನಡದ ಉದ್ಧಾರಕ್ಕಲ್ಲ. ಇದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಹಾಗಿದ್ದೂ ಆ ಶಾಲೆಗಳಿಂದ ಈ ನಾಡಿಗೆ ಉಪಕಾರವಾಯಿತು ಎನ್ನುವುದಾದರೆ, ಆ ಉಪಕಾರ ಎಲ್ಲಿ ಹುಟ್ಟಿತು ಎಂದು ಕೇಳಬೇಕಾಗುತ್ತದೆ. ನನಗೆ ತೋರುವಂತೆ, ಮಿಶನ್ನಿನ ಉದ್ದೇಶ ಸಲೀಸಾಗಿ ನೆರವೇರಿದ ಕಡೆಗಿಂತ ಅದಕ್ಕೆ ತಡೆ ಬಿದ್ದ ಕಡೆಯಲ್ಲೇ ಹೆಚ್ಚು ಫಲ ಬಂದಿದೆ. ತಡೆ ಬಿದ್ದಾಗ ಬಂದವರು ಕಲಿಯಬೇಕಾಯಿತು, ಇದ್ದವರು ಎಚ್ಚರಾಗಬೇಕಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು, ಅಂದರೆ ಹೆಬಿಕ್, ಲೆಹ್ನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಬ್ರಿಟಿಷರಲ್ಲದ ಮಿಶನರಿಗಳಿಗೆ ಕಂಪನಿ ಸರಕಾರದ ಬಾಗಿಲು ತೆರೆದದ್ದು ಅದರ ಹಿಂದಿನ ವರ್ಷದ ಕಾಯಿದೆಯಿಂದ. ಎರಡು ವರ್ಷ ಕಳೆದು ಹರ್ಮನ್ ಮೋಗ್ಲಿಂಗ್ ಬಂದರು. ಮೇಲ್ಜಾತಿಯ ಹುಡುಗರಿಗೆ ಇಂಗ್ಲಿಷ್ ಬೇಕಿತ್ತು, ಮಿಶನ್ನಿಗೆ ಹುಡುಗರು ಬೇಕಿತ್ತು. ಇಬ್ಬರಿಗೂ ಒಪ್ಪಿಗೆಯಾಗುವ ಜಾಗ ಇಂಗ್ಲಿಷ್ ಶಾಲೆ. ಈ ಒಪ್ಪಂದ ಎಷ್ಟು ತೆಳುವಾಗಿತ್ತೆಂಬುದು 1844ರ ಜನವರಿಯಲ್ಲಿ ಗೊತ್ತಾಯಿತು. ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ಸಾರಸ್ವತ ತರುಣರೊಂದಿಗೆ ದೀಕ್ಷಾಸ್ನಾನ ಪಡೆದರು. ಊರು ಕೊತಕೊತ ಕುದಿಯಿತು. ಹೆಂಡತಿ ಅವರ ಜತೆ ಬಾಳಲು ಒಪ್ಪಲಿಲ್ಲ. ಆನಂದರಾಯರು ಹರ್ಮನ್ ಕೌಂಡಿನ್ಯರಾಗಿ ಬಾಸೆಲ್ಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಮಿಶನ್ನಿನ ಲೆಕ್ಕದಲ್ಲಿ ಇದು ದೊಡ್ಡ ಜಮೆ. ಆದರೆ ಇಂಗ್ಲಿಷಿಗೆಂದು ಕಳಿಸಿದ ಮಗ ಮನೆಗೇ ಬಾರದವನಾದದ್ದನ್ನು ನೋಡಿದ ತಂದೆತಾಯಂದಿರ ಲೆಕ್ಕ ಬೇರೆಯೇ ಆಗಿತ್ತು, ಅದನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ.

ಊರಿನ ಮನಸ್ಸು ಸುಲಭವಾಗಿ ಬಗ್ಗುವುದಲ್ಲ ಎಂಬುದು ಮಿಶನರಿಗಳಲ್ಲಿ ಕೆಲವರಿಗೆ ಈ ಘಟನೆಗೂ ಮೊದಲೇ ತಿಳಿದಿತ್ತು. ಮೋಗ್ಲಿಂಗ್ 1843ರ ಜುಲೈಯಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ನಮ್ಮ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದರಲ್ಲಿ ಊರ ವರ್ತಮಾನ, ಸರಕಾರದ ಕಾನೂನು, ಕಥೆ, ದೂರದೇಶದ ಸುದ್ದಿ ಎಲ್ಲ ಇರುತ್ತಿತ್ತು. ಬರೀ ಉಪದೇಶವಾಗಿದ್ದರೆ ಯಾರು ಕೊಳ್ಳುತ್ತಿದ್ದರು? ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಕೊಟ್ಟ ಹಣದಿಂದ 1848ರ ಬಳಿಕ ಮೋಗ್ಲಿಂಗ್ ಅಚ್ಚು ಹಾಕಿಸಿದ ‘ಬಿಬ್ಲಿಯೋಥಿಕಾ ಕರ್ನಾಟಕ’ ಮಾಲೆಯಲ್ಲಿ ಜೈಮಿನಿ ಭಾರತವಿದೆ, ಬಸವಪುರಾಣವಿದೆ, ದಾಸರ ಪದಗಳಿವೆ. ಜನರನ್ನು ಅವರ ದೇವರಿಂದ ಬಿಡಿಸಲು ಬಂದವರು ಆ ದೇವರನ್ನು ಹಾಡಿದವರ ಹಾಡನ್ನು ಪುಸ್ತಕ ಮಾಡಿಟ್ಟರು! ತುಳುವಿನಲ್ಲಿ ಈ ವೈರುಧ್ಯ ಇನ್ನೂ ಚುರುಕಾಗಿ ಕಾಣುತ್ತದೆ. ಸಭೆಗೆ ಸೇರಿದ ಬಿಲ್ಲವ ಕುಟುಂಬ ಭೂತಾರಾಧನೆಯನ್ನು ಬಿಡಬೇಕಿತ್ತು. ಅದೇ ಮಿಶನ್ನಿನ ಮ್ಯಾನರ್ 1886ರಲ್ಲಿ ತುಳು ನಿಘಂಟು ತಂದರು, ಭೂತಗಳ ಕಥೆ ಹಾಡುವ ಪಾಡ್ದನಗಳೂ ಅದೇ ಮಿಶನ್ನಿನ ಅಚ್ಚುಕೂಟದಲ್ಲೇ ಅಚ್ಚಾದವು. ಎದುರಾಳಿಯನ್ನು ಅರಿಯುವ ತಂತ್ರವಷ್ಟೇ ಅದು ಎನ್ನುವವರಿದ್ದಾರೆ. ತಂತ್ರವಾಗಿಯೇ ಶುರುವಾಗಿರಲೂಬಹುದು. ಆದರೆ ಕಿಟ್ಟೆಲ್ 1853ರಲ್ಲಿ ಬಂದು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಪ್ರಕಟಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟದ್ದಕ್ಕೆ ತಂತ್ರ ಎಂಬ ಮಾತು ಸಾಲದು. ಹಳಗನ್ನಡದ ಛಂದಸ್ಸು ಕಲಿತು ಯಾರನ್ನೂ ಮತಾಂತರಿಸಲಾಗುವುದಿಲ್ಲ. ಸಾಹಿತ್ಯದ ಈ ಹುಚ್ಚು ಅವರ ಸ್ವಂತ ಮಿಶನ್ನಿಗೂ ಅಷ್ಟೇನೂ ರುಚಿಸಿರಲಿಲ್ಲ.

ಮಿಶನ್ ಅನ್ನಕೊಟ್ಟು ಜನರನ್ನು ಕೊಂಡುಕೊಂಡಿತು ಎಂಬುದು ಹಳೆಯ ಆಕ್ಷೇಪ. ಮತ ಬದಲಿಸಿದ ಬಿಲ್ಲವ ಮನೆ, ಬಂಧು, ಗೇಣಿಯ ಹೊಲ ಕಳೆದುಕೊಳ್ಳುತ್ತಿದ್ದ. ಕಳ್ಳು ಇಳಿಸುವ ಮೂರ್ತೆ ಕೆಲಸವನ್ನು ಮಿಶನ್ ಬಿಡಿಸುತ್ತಿತ್ತು. ಆಗ ಅವನಿಗೆ ಕಸಬು ಹುಡುಕುವುದು ಮಿಶನ್ನಿನ ತಲೆಗೇ ಬಂತು. ನೇಯ್ಗೆ, ಪುಸ್ತಕ ಕಟ್ಟುವುದು, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ, ಎಲ್ಲ ಈ ಬಿಕ್ಕಟ್ಟಿನ ಕೂಸುಗಳು. ಧಣಿಯೂ ಗುರುವೂ ಒಬ್ಬನೇ ಆದಾಗ ಕೂಲಿಯವನ ಭಕ್ತಿ ಎಷ್ಟು ಸ್ವತಂತ್ರ ಎಂಬ ಸಂಶಯ ನ್ಯಾಯವಾದದ್ದೇ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಇನ್ನೊಂದನ್ನೂ ಕೇಳಬೇಕು: ಕೆಳಜಾತಿಯವರಿಗೆ ಬೇರೆ ಯಾರ ಶಾಲೆಯ ಬಾಗಿಲು ತೆರೆದಿತ್ತು? 1856ರಲ್ಲಿ ಧಾರವಾಡದ ಸರಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಅರ್ಜಿ ಹಾಕಿದರೂ, ಉಳಿದ ಜಾತಿಯವರು ಮಕ್ಕಳನ್ನು ಬಿಡಿಸಿಯಾರು ಎಂಬ ಅಂಜಿಕೆಯಿಂದ ಮುಂಬಯಿ ಸರಕಾರ ಅವನ ಪರ ನಿಲ್ಲಲಿಲ್ಲ. ಶಾಲೆಯೆಂಬುದು ಆಮಿಷವಾಗುವುದು ಅದು ಬೇರೆಲ್ಲೂ ಸಿಗದಿದ್ದಾಗ ಮಾತ್ರ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಮಂಗಳೂರಿನ ಕುದ್ಮುಲ್ ರಂಗರಾಯರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಸ್ವಜಾತಿಯ ಬಹಿಷ್ಕಾರ ಉಂಡು, ಮುಂದೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಮಿಶನ್ ಎಂಬ ಹೆಸರನ್ನೇ ಇಟ್ಟುಕೊಂಡರು ನೋಡಿ. ರಂಗರಾಯರ ಶಾಲೆಗಿಂತ ಒಂದು ವರ್ಷ ಮೊದಲು ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಸ್ಥಾಪಿಸಿದ್ದರು. ಮಿಶನ್ನಿಗೆ ಕೊಡಬಹುದಾಗಿದ್ದ ಉತ್ತರಗಳಲ್ಲಿ ಇವೇ ಅತ್ಯುತ್ತಮವಾದವು, ಬೈಗುಳ ಉತ್ತರವಾಗಲಿಲ್ಲ.

ಇವರು ಸಾಮ್ರಾಜ್ಯದ ಬಾಲಂಗೋಚಿಗಳು ಎಂಬ ಮಾತೂ ಇದೆ. ಬ್ರಿಟಿಷರ ನೆರಳಿನಲ್ಲಿ, ಎಷ್ಟೋ ಸಲ ಅವರ ಅಧಿಕಾರಿಗಳ ಹಣದಲ್ಲಿ ಬೆಳೆದವರೆಂಬುದು ದಿಟ. ಆದರೆ ಮೊದಲ ಮಹಾಯುದ್ಧ ಬಂದಾಗ ಅದೇ ಬ್ರಿಟಿಷರು ಇಲ್ಲಿನ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಈ ಆಕ್ಷೇಪಕ್ಕೆ ಇಷ್ಟು ಸಾಕು.

ನಿಜಕ್ಕೂ ಉತ್ತರಕ್ಕೆ ದಕ್ಕದೆ ಉಳಿಯುವುದು ಎಳೆಯರ ಪ್ರಶ್ನೆ. ಬೆಳೆದ ಗಂಡಸು ಹೆಂಗಸರು ವಿಚಾರಮಾಡಿ ಮತ ಬದಲಿಸಿದರೆ ಅದು ಅವರ ಹಕ್ಕು, ಅದರಲ್ಲಿ ಮೂಗು ತೂರಿಸಲು ನೆರೆಯವರಿಗಾಗಲೀ ಸರಕಾರಕ್ಕಾಗಲೀ ಕೆಲಸವಿಲ್ಲ. ಮಗ್ಗಿ ಕಲಿಸುವವರನ್ನು ನಂಬುವ ವಯಸ್ಸಿನ ಮಗು ಮಾತ್ರ ಅವರ ದೇವರನ್ನೂ ಅದೇ ನಂಬಿಕೆಯಲ್ಲಿ ಒಪ್ಪಿಕೊಳ್ಳುತ್ತದೆ. ಮೇಷ್ಟ್ರ ಕೈಯಲ್ಲಿರುವ ಈ ಬಲವನ್ನು ಹತ್ತೊಂಬತ್ತನೇ ಶತಮಾನದ ಮಿಶನ್ನು ಬಳಸಿಕೊಂಡಿತು, ಇಂದು ಮಠದ, ಮದರಸದ, ಸಂಘದ ಶಾಲೆಗಳೂ ಬಳಸಿಕೊಳ್ಳುತ್ತಿವೆ. ಸೇವೆಯ ಹೆಸರಿನಲ್ಲಿ ಎರಡು ವಾರಕ್ಕೆಂದು ಪರದೇಶದಿಂದ ಬಂದು, ಹಳ್ಳಿಯ ಮಕ್ಕಳ ಜತೆ ಫೋಟೋ ಹಿಡಿಸಿಕೊಂಡು ಹೋಗುವ ತರುಣ ತಂಡಗಳಲ್ಲಿ ಆ ಬಲವಿದೆ, ಕಿಟ್ಟೆಲ್ಲರ ತಾಳ್ಮೆಯಿಲ್ಲ. ಭಾಷೆ ಬಾರದವರು ಒಂದು ಜನದ ಬಾಳನ್ನು ತಿದ್ದಲು ಹೊರಡುವುದು ಉದ್ಧಟತನ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ನಮ್ಮ ಸಂವಿಧಾನ ಕರ್ತರು ಈ ಎಳೆಯರ ಪ್ರಶ್ನೆಯನ್ನು ಕಂಡಿದ್ದರು. ಸರಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಯಾವ ಶಾಲೆಯೂ ಧರ್ಮಬೋಧೆಗೆ, ಪೂಜೆ ಪ್ರಾರ್ಥನೆಗೆ ವಿದ್ಯಾರ್ಥಿಯನ್ನು ಅವನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿಯ 3ನೇ ಖಂಡ. ಅದು ಚರ್ಚಿನ ಶಾಲೆಗೆ ಅನ್ವಯಿಸುವಷ್ಟೇ ಉಳಿದೆಲ್ಲ ಧರ್ಮಗಳ ಶಾಲೆಗಳಿಗೂ ಅನ್ವಯಿಸುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಈ ಖಂಡವನ್ನು ನೆನಪಿಟ್ಟುಕೊಂಡು ಹೋಗಿ, ಪ್ರಾರ್ಥನೆಯ ಅವಧಿ ಯಾವುದು, ಅದರಿಂದ ಹೊರಗುಳಿಯುವ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿ ಕೂರುತ್ತಾರೆ ಎಂದು ಕೇಳಿ.