ಶಾಖಕ್ಕೂ ಒಂದು ಕಣಿ ಬೇಕು

ಉಷ್ಣದ ಪಾಠ ಮಾಡುವಾಗ ಪ್ರತಿ ವರ್ಷವೂ ಮಕ್ಕಳಿಂದ ಒಂದು ಮಾತು ಬಂದೇ ಬರುತ್ತದೆ: "ಫ್ಯಾನು ತಂಪನ್ನು ಒಳಗೆ ಕಳಿಸುತ್ತದೆ." ತಂಪು ಎಂಬುದೊಂದು ವಸ್ತು, ಅದನ್ನು ಎಲ್ಲಿಂದಲೋ ತಂದು ತುಂಬಬಹುದು ಎಂಬ ಎಣಿಕೆ ಅವರದು. ದೊಡ್ಡವರಲ್ಲೂ ಇದೇ ಎಣಿಕೆ ಇರುತ್ತದೆ ಅನ್ನಿ. ಆದರೆ ತಂಪು ಎಂಬ ವಸ್ತುವೇ ಇಲ್ಲ. ಇರುವುದು ಶಾಖ ಮಾತ್ರ. ತಂಪಾಯಿತು ಎಂದರೆ ಶಾಖ ಅಲ್ಲಿಂದ ಎದ್ದು ಬೇರೆಲ್ಲಿಗೋ ಹೋಯಿತು ಎಂದರ್ಥ. ಎಲ್ಲಿಗೆ ಹೋಯಿತು? ಈ ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಾ ಹೋದರೆ ಶಾಲೆಯ ಕಂಪ್ಯೂಟರ್ ಪೆಟ್ಟಿಗೆಯಿಂದ ಹೊರಟು ಅಣು ವಿದ್ಯುತ್ ಕೇಂದ್ರದವರೆಗೂ ಹೋಗಿ ಬರಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ 'ಹೀಟ್ ಸಿಂಕ್' ಎನ್ನುತ್ತಾರೆ. ಕಾಸರಗೋಡಿನ ನಮ್ಮ ಮಕ್ಕಳು ಹತ್ತರವರೆಗೆ ಕನ್ನಡದಲ್ಲಿ ಓದಿ ಪ್ಲಸ್ ಟುಗೆ ಕಾಲಿಟ್ಟ ಕೂಡಲೇ ವಿಜ್ಞಾನವೆಲ್ಲ ಇಂಗ್ಲಿಷಿಗೆ ತಿರುಗುತ್ತದೆ. ಆಗ ಇಂತಹ ಪದಗಳು ಸಾಲುಸಾಲಾಗಿ ಬಂದು ಎದುರು ನಿಲ್ಲುತ್ತವೆ. ಅರ್ಥವಾಗದೆ ಬಾಯಿಪಾಠ ಮಾಡಿದವರು ಅಲ್ಲಿ ಸೋಲುತ್ತಾರೆ. ವಿಷಯ ಮೊದಲೇ ತಲೆಗೆ ಹತ್ತಿದವರಿಗೆ ಪದ ಬದಲಾದರೂ ತೊಂದರೆಯಿಲ್ಲ. ಹಾಗಾಗಿ ನಾವು ಪದಕ್ಕಿಂತ ಮೊದಲು ತೋಟಕ್ಕೆ ಹೋಗುತ್ತೇವೆ.

ಅಡಿಕೆ ತೋಟದ ಕಣಿ ನಮ್ಮ ಮಕ್ಕಳಿಗೆಲ್ಲ ಗೊತ್ತು. ಮಳೆಗಾಲಕ್ಕೆ ಮುಂಚೆ ಕಣಿ ಬಿಡಿಸದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಕಣಿ ಕೆಲಸ ಮಾಡಬೇಕಾದರೆ ಎರಡು ಸಂಗತಿ ಬೇಕು. ಒಂದು, ದಾರಿ ಎಲ್ಲೂ ಕಟ್ಟಿಕೊಂಡಿರಬಾರದು. ಎರಡು, ಕೊನೆಗೆ ನೀರು ಸೇರಲು ಕೆಳಗೊಂದು ತೋಡು ಇರಬೇಕು. ತೋಡೇ ಉಕ್ಕಿ ಬಂದರೆ ಎಷ್ಟು ಕಣಿ ಇದ್ದರೂ ತೋಟದ ನೀರು ಇಳಿಯುವುದಿಲ್ಲ. ನೀರು ಎತ್ತರದಿಂದ ತಗ್ಗಿಗೆ ಹರಿದಂತೆ ಶಾಖ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಹೀಟ್ ಸಿಂಕ್ ಎಂದರೆ ಶಾಖದ ಕಣಿ ಮತ್ತು ತೋಡು. ಇಷ್ಟೇ.

ಈಗ ಕಂಪ್ಯೂಟರಿಗೆ ಬರೋಣ. ಮೇಜಿನ ಮೇಲಿಡುವ ಕಂಪ್ಯೂಟರಿನ ಪ್ರೊಸೆಸರ್ ಚಿಪ್ ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಕೆಲಸದ ಭರದಲ್ಲಿ ಅದರಿಂದ 65 ವಾಟಿನಷ್ಟು ಶಾಖ ಹೊರಡುವುದು ಸಾಮಾನ್ಯ. ಹಳೆಯ 60 ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಅದರ ಬಿಸಿ ಗೊತ್ತು. ಅಷ್ಟೂ ಶಾಖ ಒಂದು ಉಗುರಿನಗಲದಿಂದ ಹೊರಬರಬೇಕು. ಹಾಗೇ ಬಿಟ್ಟರೆ ಚಿಪ್ ಕೆಲವೇ ಕ್ಷಣಗಳಲ್ಲಿ 100 ಡಿಗ್ರಿ ಸಮೀಪಿಸಿ, ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ.

ಅದಕ್ಕಾಗಿ ಚಿಪ್ಪಿನ ಮೇಲೆ ಅಲ್ಯೂಮಿನಿಯಂ ತುಂಡೊಂದನ್ನು ಕೂರಿಸುತ್ತಾರೆ. ಅದರ ಮೈತುಂಬ ಬಾಚಣಿಗೆಯ ಹಲ್ಲಿನಂತೆ ತೆಳು ಹಾಳೆಗಳು. ಯಾಕೆ ಹಾಳೆಗಳು? ಲೆಕ್ಕ ಮಾಡಿ ನೋಡಿ. ಬುಡ 6 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ ಇದ್ದರೆ ಮೇಲ್ಮೈ 36 ಚದರ ಸೆಂ.ಮೀ. ಅದರ ಮೇಲೆ 4 ಸೆಂ.ಮೀ. ಎತ್ತರದ 20 ಹಾಳೆಗಳನ್ನು ನಿಲ್ಲಿಸಿದರೆ ಎರಡೂ ಬದಿ ಸೇರಿ 960 ಚದರ ಸೆಂ.ಮೀ. ಅದೇ ಜಾಗದಲ್ಲಿ ಗಾಳಿಗೆ ತಾಗುವ ಮೈ ಇಪ್ಪತ್ತೈದು ಪಟ್ಟಿಗೂ ಹೆಚ್ಚು! ಬೈಕಿನ ಎಂಜಿನ್ನಿಗೆ ಸುತ್ತಲೂ ಪದರ ಪದರವಾಗಿ ಲೋಹ ಇರುವುದೂ ಇದೇ ಕಾರಣಕ್ಕೆ.

ಚಿಪ್ಪಿಗೂ ಲೋಹಕ್ಕೂ ನಡುವೆ ಒಂದಿಷ್ಟು ಬಿಳಿ ಅಥವಾ ಬೂದು ಬಣ್ಣದ ಪೇಸ್ಟ್ ಹಚ್ಚಿರುತ್ತಾರೆ. ಮಕ್ಕಳು ಇದನ್ನು ಅಂಟು ಎಂದುಕೊಳ್ಳುತ್ತಾರೆ. ಅಲ್ಲ. ನುಣುಪಾಗಿ ಕಾಣುವ ಲೋಹದಲ್ಲೂ ಕಣ್ಣಿಗೆ ಕಾಣದ ಹಳ್ಳದಿಣ್ಣೆಗಳಿವೆ. ಆ ಹಳ್ಳಗಳಲ್ಲಿ ಗಾಳಿ ಉಳಿದರೆ ಶಾಖಕ್ಕೆ ಅದೇ ಅಡ್ಡಗೋಡೆ. ಗಾಳಿಗಿಂತ ಅಲ್ಯೂಮಿನಿಯಂ ಸುಮಾರು 9000 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಪೇಸ್ಟ್ ಆ ಗಾಳಿಯನ್ನು ಹೊರದಬ್ಬಿ ದಾರಿ ಬಿಡಿಸುತ್ತದೆ.

ಕಳೆದ ಮಾರ್ಚಿನಲ್ಲಿ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರೊಂದು ಹತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತಿತ್ತು. ವೈರಸ್ ಎಂದು ಮಕ್ಕಳು ತೀರ್ಪು ಕೊಟ್ಟಾಗಿತ್ತು. ಪೆಟ್ಟಿಗೆ ಬಿಚ್ಚಿ ನೋಡಿದೆವು. ಹಾಳೆಗಳ ಸಂದಿಯಲ್ಲಿ ಕೆಂಪು ಧೂಳು ಹತ್ತಿಯ ಹಾಗೆ ಹೆಪ್ಪುಗಟ್ಟಿತ್ತು. ಹಳೆಯ ಪೇಂಟ್ ಬ್ರಷ್‌ನಿಂದ ಬಿಡಿಸಿ ತೆಗೆದೆವು. ಆಮೇಲೆ ಅದು ಇಡೀ ಪೀರಿಯಡ್ ನಡೆಯಿತು. "ಕಣಿ ಕಟ್ಟಿಕೊಂಡಿತ್ತು" ಎಂದ ಒಬ್ಬ ಹುಡುಗ. ಪಾಠ ತಲೆಗೆ ಹತ್ತಿದೆ ಎಂದು ನಮಗೆ ಆಗ ಸಮಾಧಾನವಾಯಿತು.

ಇದೇ ಪ್ರಶ್ನೆ ಹಿಡಿದುಕೊಂಡು ಕರಾವಳಿಯಲ್ಲಿ ಉತ್ತರಕ್ಕೆ, ಉತ್ತರ ಕನ್ನಡ ಜಿಲ್ಲೆಯ ಕೈಗಾಕ್ಕೆ ಹೋಗೋಣ. ಕಾಳಿ ನದಿಯ ದಡದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದು ಘಟಕ 220 ಮೆಗಾವಾಟ್ ವಿದ್ಯುತ್ ಕೊಡಲು ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ಉಳಿದ ಐನೂರಕ್ಕೂ ಹೆಚ್ಚು ಮೆಗಾವಾಟ್ ಎಲ್ಲಿಗೆ? ಯುರೇನಿಯಂ ಇಂಧನದಿಂದ ಭಾರಜಲಕ್ಕೆ, ಭಾರಜಲದಿಂದ ಬಾಯ್ಲರಿನ ನೀರಿಗೆ, ಅಲ್ಲಿಂದ ಹಬೆಯಾಗಿ ಟರ್ಬೈನಿಗೆ, ಟರ್ಬೈನ್ ತಿರುಗಿಸಿ ದಣಿದ ಹಬೆ ಕಂಡೆನ್ಸರಿಗೆ, ಕಂಡೆನ್ಸರಿನಿಂದ ಕದ್ರಾ ಜಲಾಶಯದ ನೀರಿಗೆ. ಈ ಮೂರು ನೀರುಗಳೂ ಒಂದಕ್ಕೊಂದು ಬೆರೆಯುವುದಿಲ್ಲ. ಕೊಳವೆಗಳ ಗೋಡೆಯ ಮೂಲಕ ಶಾಖ ಮಾತ್ರ ದಾಟುತ್ತದೆ. ಚಿಪ್, ಪೇಸ್ಟ್, ಲೋಹ, ಗಾಳಿ ಎಂಬ ಸಾಲೇ ಇಲ್ಲೂ ಇದೆ, ಗಾತ್ರ ಬೇರೆ.

ಎಷ್ಟು ನೀರು ಬೇಕು? ಒಂಬತ್ತನೇ ತರಗತಿಯ ಮಕ್ಕಳಿಗೂ ಕೊಡಬಹುದಾದ ಲೆಕ್ಕ. ಹೊರಹಾಕಬೇಕಾದ ಶಾಖ 500 ಮೆಗಾವಾಟ್, ನೀರಿನ ಬಿಸಿ 10 ಡಿಗ್ರಿ ಏರಬಹುದು ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 4200 ಜೌಲ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 12,000 ಲೀಟರ್! ಸೆಕೆಂಡಿಗೊಂದು ನೀರಿನ ಟ್ಯಾಂಕರ್, ಹಗಲೂ ರಾತ್ರಿ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ಮುಗಿದ ಓಟದಲ್ಲಿ 962 ದಿನ ಎಡೆಬಿಡದೆ ನಡೆಯಿತು. ಆಗ ಅದು ವಿಶ್ವದಾಖಲೆ. ಪತ್ರಿಕೆಗಳು ರಿಯಾಕ್ಟರನ್ನು ಹೊಗಳಿದವು, ಸರಿಯೇ. ಅಷ್ಟೂ ದಿನ ಅದರ ಬಿಸಿಯನ್ನು ಹೊತ್ತು ಸಾಗಿಸಿದ್ದು ನೀರು ಎಂಬುದನ್ನು ನಾವು ಮಕ್ಕಳಿಗೆ ಹೇಳುತ್ತೇವೆ.

ಇಲ್ಲಿಯವರೆಗೆ ಕಂಪ್ಯೂಟರ್ ಮತ್ತು ರಿಯಾಕ್ಟರ್ ಒಂದೇ ಜಾತಿಯವು. ಇನ್ನು ಮುಂದೆ ಬೇರೆ. ಕಂಪ್ಯೂಟರಿನ ಸ್ವಿಚ್ ಆರಿಸಿದರೆ ಶಾಖ ಹುಟ್ಟುವುದೂ ನಿಂತಿತು. ರಿಯಾಕ್ಟರ್ ಹಾಗಲ್ಲ, ಅದು ನಮ್ಮ ಬಚ್ಚಲ ಒಲೆಯ ಹಾಗೆ. ಸೌದೆ ಹೊರಗೆಳೆದರೂ ಕೆಂಡ ಹಂಡೆಯ ನೀರನ್ನು ಕಾಯಿಸುತ್ತಲೇ ಇರುತ್ತದೆ. ಯುರೇನಿಯಂ ಪರಮಾಣು ಒಡೆಯುವುದನ್ನು ನಿಲ್ಲಿಸಬಹುದು. ಒಡೆದ ಚೂರುಗಳು ವಿಕಿರಣ ಸೂಸುತ್ತಾ ಬಿಸಿಯಾಗುವುದನ್ನು ನಿಲ್ಲಿಸಲು ಯಾವ ಸ್ವಿಚ್ಚೂ ಇಲ್ಲ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇಕಡಾ 6ರಿಂದ 7, ಒಂದು ಗಂಟೆಯ ಮೇಲೆ ಸುಮಾರು ಒಂದೂವರೆ, ಒಂದು ದಿನದ ಮೇಲೆ ಸುಮಾರು ಅರ್ಧ ಉಳಿದಿರುತ್ತದೆ. ಅರ್ಧ ಶೇಕಡಾ ತಾನೇ ಎನ್ನಬೇಡಿ. 750 ಮೆಗಾವಾಟಿನಲ್ಲಿ ಅದು ಸುಮಾರು 4 ಮೆಗಾವಾಟ್. ನೀರು ಕಾಯಿಸುವ 1000 ವಾಟಿನ ರಾಡುಗಳು 4000 ಒಟ್ಟಿಗೆ ಉರಿದಂತೆ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. ಭೂಕಂಪವಾದಾಗ ನಡೆಯುತ್ತಿದ್ದ ಮೂರೂ ರಿಯಾಕ್ಟರುಗಳು ತಾವಾಗಿಯೇ ನಿಂತವು. ಸೌದೆ ಹೊರಗೆ ಎಳೆದಾಗಿತ್ತು. ಸುಮಾರು 50 ನಿಮಿಷದ ಮೇಲೆ ಬಂದ ಸುನಾಮಿ ಸಮುದ್ರದ ನೀರೆತ್ತುವ ಪಂಪುಗಳನ್ನು ಹಾಳುಗೆಡವಿ, ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಜಗತ್ತಿನ ಅತಿ ದೊಡ್ಡ ತೋಡಾದ ಪೆಸಿಫಿಕ್ ಸಾಗರ ಎದುರಿಗೇ ಇತ್ತು. ಅಲ್ಲಿಗೆ ಹೋಗುವ ಕಣಿ ಮುಚ್ಚಿಹೋಗಿತ್ತು. ಕೆಂಡದ ಬಿಸಿಗೇ ಮೂರು ರಿಯಾಕ್ಟರುಗಳ ಇಂಧನ ಕರಗಿತು.

ನಮ್ಮ ದೇಶದಲ್ಲೂ ಇಂತಹದೊಂದು ರಾತ್ರಿ ಬಂದಿತ್ತು. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಕೇಂದ್ರದ ಒಂದನೇ ಘಟಕದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿಕೊಂಡಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಘಟಕಕ್ಕೆ ಕರೆಂಟೇ ಇರಲಿಲ್ಲ. ಅಲ್ಲಿನ ಸಿಬ್ಬಂದಿ ರಿಯಾಕ್ಟರ್ ನಿಲ್ಲಿಸಿದರು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳನ್ನು ಚಾಲೂ ಮಾಡಿ ಬಾಯ್ಲರುಗಳಿಗೆ ನೀರು ಹಾಯಿಸಿದರು. ಭಾರಜಲದ ಪಂಪುಗಳು ನಿಂತಿದ್ದರೂ, ಬಿಸಿಯಾದದ್ದು ಮೇಲೇರಿ ತಣಿದದ್ದು ಕೆಳಗಿಳಿದು ತಾನಾಗಿಯೇ ಸುತ್ತತೊಡಗಿತು. ಗಂಜಿ ಕುದಿಯುವಾಗ ಅಕ್ಕಿ ಮೇಲೆ ಕೆಳಗೆ ಓಡುವುದಿಲ್ಲವೇ, ಅದೇ ಸಂವಹನ. ನಮ್ಮ ಪಠ್ಯದಲ್ಲಿ ಎರಡು ಅಂಕದ ಪ್ರಶ್ನೆ. ಅಲ್ಲಿ ಅದು ಇಂಧನವನ್ನು ಕಾಪಾಡಿತು.

ಕಣಿ ಚೆನ್ನಾಗಿದ್ದರೂ ತೋಡಿನ ಚಿಂತೆ ಇದ್ದೇ ಇದೆ. 2003ರಲ್ಲಿಯೂ 2022ರಲ್ಲಿಯೂ ಫ್ರಾನ್ಸಿನಲ್ಲಿ ಬೇಸಿಗೆಯ ಬಿಸಿಗೆ ನದಿಗಳೇ ಕಾದು, ಕೆಲವು ಅಣು ಕೇಂದ್ರಗಳು ಉತ್ಪಾದನೆ ತಗ್ಗಿಸಬೇಕಾಯಿತು. ನದಿಯಲ್ಲಿ ಮೀನುಗಳೂ ಬದುಕಬೇಕಲ್ಲ. ಶಾಖವನ್ನು ನಾವು ನಾಶ ಮಾಡುವುದಿಲ್ಲ, ಮನೆಯಿಂದ ಅಂಗಳಕ್ಕೆ ಗುಡಿಸುತ್ತೇವೆ ಅಷ್ಟೆ. ಅಂಗಳವೂ ಯಾರದೋ ಮನೆಯೇ.

ಶಿಕ್ಷಕ ಮಿತ್ರರೇ, ಹಾಳಾದ ಕಂಪ್ಯೂಟರ್ ನಿಮ್ಮಲ್ಲೂ ಇದ್ದರೆ ಗುಜರಿಗೆ ಹಾಕುವ ಮೊದಲು ಅದರ ಹೀಟ್ ಸಿಂಕನ್ನು ಬಿಚ್ಚಿ ಮಕ್ಕಳ ಕೈಗೆ ಕೊಡಿ. ಹಾಳೆಗಳನ್ನು ಎಣಿಸಲಿ, ಅಳೆಯಲಿ, ಮೇಲ್ಮೈ ಲೆಕ್ಕ ಹಾಕಲಿ. ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟರೆ ಯಾಕೆ ಬಿಸಿಯಾಗುತ್ತದೆ ಎಂದು ಅವರೇ ಹೇಳುತ್ತಾರೆ. ಕೊನೆಗೆ 'ಈ ಶಾಖ ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿ. 'ಹೊರಗೆ' ಎಂಬ ಉತ್ತರಕ್ಕೆ ಬಿಡಬೇಡಿ. ಹೊರಗೆ ಎಂದರೆ ಎಲ್ಲಿಗೆ, ಎಂದು ಇನ್ನೊಮ್ಮೆ ಕೇಳಿ.